ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ರಾಯಚೂರು ಭಾಗದ ಒಂದು ಟೈಪ್ 1 ಮಧುಮೇಹ ಪ್ರಕರಣ

ರಾಯಚೂರು ಜಿಲ್ಲೆಯ ಒಣಬೇಸಾಯದ ಭಾಗದಲ್ಲಿ ಒಂದು ಹಳ್ಳಿ. ಹುಡುಗಿಗೆ 13 ವರ್ಷ, ಏಳನೆಯ ತರಗತಿ ಮುಗಿದು ಬೇಸಿಗೆ ರಜೆ. ಏಪ್ರಿಲ್ ನಡುವಿನಿಂದ ವಿಪರೀತ ನೀರಡಿಕೆ. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. 40 ಡಿಗ್ರಿ ದಾಟುವ ಬಿಸಿಲಲ್ಲಿ ನೀರಡಿಕೆ ಆಗದವರು ಯಾರು? ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗುತ್ತಿದ್ದಳು. ಒಮ್ಮೆ ಹಾಸಿಗೆಯಲ್ಲೇ ಮೂತ್ರ ಆಯಿತು, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಊಟ ಮೊದಲಿಗಿಂತ ಹೆಚ್ಚು, ಮೈ ಮಾತ್ರ ಇಳಿಯುತ್ತಿತ್ತು. ಶಾಲೆಯ ದಾಖಲೆಯಲ್ಲಿ 34 ಕೆ.ಜಿ. ಇದ್ದವಳು ಮೇ ಮೊದಲ ವಾರ ಆಸ್ಪತ್ರೆಗೆ ಬಂದಾಗ 28 ಕೆ.ಜಿ.

ಇದು ಯಾವುದೇ ಒಬ್ಬ ಮಗುವಿನ ದಾಖಲೆಯಲ್ಲ. ಈ ಭಾಗದಲ್ಲಿ ಟೈಪ್ 1 ಮಧುಮೇಹದ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ) ಮಕ್ಕಳ ವಿಷಯದಲ್ಲಿ ಎಲ್ಲಿ ಏನು ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂಬುದನ್ನು ಒಬ್ಬ ಹುಡುಗಿಯ ಸುತ್ತ ಜೋಡಿಸಿ ಬರೆದದ್ದು. ಲೆಕ್ಕಗಳೆಲ್ಲ 28 ಕೆ.ಜಿ. ತೂಕಕ್ಕೆ ಹಾಕಿದವು.

ಕಳೆದುಹೋದ ಮೂರು ವಾರ

ಮೊದಲ ವಾರ ಮನೆಮದ್ದಿನಲ್ಲಿ ಕಳೆಯಿತು. ಎರಡನೆಯ ವಾರ ಊರಿಗೆ ಬಂದು ಹೋಗುವ ವೈದ್ಯನೊಬ್ಬ ‘ನಿತ್ರಾಣ’ ಎಂದು ಗ್ಲೂಕೋಸ್ ಬಾಟಲಿ ಹಚ್ಚಿದ. ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತಿರುವ ಮಗುವಿಗೆ 5% ಡೆಕ್ಸ್‌ಟ್ರೋಸ್ ಕೊಟ್ಟರೆ ಆಗುವುದೇ ಆಯಿತು: ಅರ್ಧ ದಿನ ಚೇತರಿಕೆ ಕಂಡು, ಮರುದಿನ ಇನ್ನಷ್ಟು ಸುಸ್ತು. ಮೂರನೆಯ ವಾರ ತೂಕ ಇಳಿದದ್ದಕ್ಕೆ ಕ್ಷಯ ಇರಬಹುದೆಂದು ಕಫ ಪರೀಕ್ಷೆಗೆ ಬರೆದುಕೊಟ್ಟರು. ಕೊನೆಗೆ ವಾಂತಿ, ಹೊಟ್ಟೆನೋವು, ಏದುಸಿರು. ಬಿಸಿಲು ಬಡಿದಿದೆ ಎಂದರು ಒಬ್ಬರು, ಅಪೆಂಡಿಕ್ಸ್ ಎಂದರು ಇನ್ನೊಬ್ಬರು.

ಈ ತಪ್ಪುಗಳಲ್ಲಿ ಯಾವುದೂ ಮೂರ್ಖತನವಲ್ಲ. ಕೀಟೋಅಸಿಡೋಸಿಸ್, ಅಂದರೆ ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಸುಟ್ಟು ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬುವ ಸ್ಥಿತಿ, ನಿಜಕ್ಕೂ ಹೊಟ್ಟೆನೋವು ತರುತ್ತದೆ. ರಕ್ತದ ಆಮ್ಲವನ್ನು ಹೊರಹಾಕಲು ದೇಹ ಆಳವಾಗಿ, ಬೇಗಬೇಗ ಉಸಿರಾಡುವುದರಿಂದ ನ್ಯುಮೋನಿಯಾದಂತೆಯೂ ಕಾಣುತ್ತದೆ. ಬೇರೆ ಮಾಡಿ ತೋರಿಸುವ ಗುರುತು ಒಂದಿದೆ. ವಾಂತಿಭೇದಿಯಿಂದ ಒಣಗಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ. ಈ ಮಗು ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದ ಮೇಲೂ ಗಂಟೆಗೊಮ್ಮೆ ಮೂತ್ರಕ್ಕೆ ಹೋಗುತ್ತದೆ. ಬಚ್ಚಲಲ್ಲಿ ಇರುವೆ ಮುತ್ತುವುದನ್ನು ತಾಯಿ ನೋಡಿರುತ್ತಾಳೆ, ಕೇಳಿದರೆ ಮಾತ್ರ ಹೇಳುತ್ತಾಳೆ. ಶ್ವಾಸದ ದನಿ ಸ್ವಚ್ಛ ಇದ್ದು ಏದುಸಿರು ಇದ್ದರೆ, ಅದು ಶ್ವಾಸಕೋಶದ ಕಾಯಿಲೆಯಲ್ಲ ಎಂದು ಅನುಮಾನಿಸಬೇಕು.

ಒಂದು ಹನಿ ರಕ್ತದಲ್ಲಿ ತೀರ್ಮಾನ ಆಗುವ ವಿಷಯ ಇದು. ಗ್ಲೂಕೋಮೀಟರ್ ಉಪಕೇಂದ್ರದಲ್ಲೇ ಇತ್ತು. ಆದರೆ ಅದು ಬಂದದ್ದು ಅಸಾಂಕ್ರಾಮಿಕ ರೋಗಗಳ ತಪಾಸಣೆಗೆ, ಆ ತಪಾಸಣೆ 30 ವರ್ಷ ದಾಟಿದವರಿಗೆ. ಮಗುವಿನ ಬೆರಳು ಚುಚ್ಚಬಾರದೆಂದು ಯಾರೂ ಹೇಳಿರಲಿಲ್ಲ, ಚುಚ್ಚಬೇಕೆಂದೂ ಯಾರೂ ಹೇಳಿರಲಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆಯಲ್ಲ ಎಂದು ಕೇಳಬಹುದು. ಕೆಲವೇ ವಾರಗಳಲ್ಲಿ ಹೊತ್ತಿಕೊಳ್ಳುವ ಕಾಯಿಲೆಯನ್ನು ವರ್ಷಕ್ಕೊಮ್ಮೆ ಶಾಲೆಗೆ ಬರುವ ತಂಡ ಹಿಡಿಯಲಾರದು, ಎಷ್ಟೇ ಚೆನ್ನಾಗಿ ಮಾಡಿದರೂ. ಹಿಡಿಯಬೇಕಾದವರು ಆಶಾ ಕಾರ್ಯಕರ್ತೆ ಮತ್ತು ಹೊರರೋಗಿ ವಿಭಾಗದ ನರ್ಸ್.

ಇಲ್ಲಿ ಹಿಡಿದದ್ದೂ ಆಶಾ ಕಾರ್ಯಕರ್ತೆಯೇ. “ಅಕ್ಕಾರ, ಹಗಲಾ ರಾತ್ರಿ ನೀರ ಕುಡಿತಾಳ್ರಿ, ಆದ್ರೂ ಬಾಯಿ ಒಣಗ್ತದಂತ” ಎಂದು ತಾಯಿ ಹೇಳಿದ ಮಾತು ಅವರಿಗೆ ಹೊಂದಲಿಲ್ಲ. ಉಪಕೇಂದ್ರದ ಮೀಟರ್‌ನಲ್ಲಿ ಅಂಕಿ ಬರಲಿಲ್ಲ, ‘ಹೈ’ ಎಂದು ಬಂತು. ಮೀಟರ್ ಕೆಟ್ಟಿದೆಯೆಂದು ಅವರು ತಮ್ಮ ಬೆರಳನ್ನೇ ಚುಚ್ಚಿ ನೋಡಿಕೊಂಡರು: 104. ಮೀಟರ್ ಕೆಟ್ಟಿರಲಿಲ್ಲ. 108ಕ್ಕೆ ಕರೆ ಹೋಯಿತು.

ಮೊದಲ ರಾತ್ರಿ

ತಾಲ್ಲೂಕು ಆಸ್ಪತ್ರೆಗೆ ತಲುಪಿದಾಗ ರಾತ್ರಿ ಒಂಬತ್ತು. ಮೂತ್ರದ ಪಟ್ಟಿಯಲ್ಲಿ ಕೀಟೋನ್ ಕಡು ನೇರಳೆ. ರಕ್ತದ ಪಿಎಚ್ (ಆಮ್ಲದ ಮಟ್ಟ) ನೋಡುವ ಯಂತ್ರ ಅಲ್ಲಿಲ್ಲ. ಸಕ್ಕರೆ 200 ದಾಟಿದೆ, ಕೀಟೋನ್ ತುಂಬಿದೆ, ಉಸಿರು ಆಳವಾಗಿದೆ, ಮಗು ಮಂಪರಿನಲ್ಲಿದೆ: ಚಿಕಿತ್ಸೆ ಶುರುಮಾಡಲು ಇಷ್ಟು ಸಾಕು.

ಇಂಥ ರಾತ್ರಿ ಎಲ್ಲರ ಕೈ ಮೊದಲು ಇನ್ಸುಲಿನ್ ಕಡೆ ಹೋಗುತ್ತದೆ. ಮೊದಲು ಹೋಗಬೇಕಾದ್ದು ಸಲೈನ್. ಬರೀ 0.9% ಸಲೈನ್, ಕೆ.ಜಿ.ಗೆ 10 ಮಿ.ಲೀ.ನಂತೆ 280 ಮಿ.ಲೀ., ಒಂದು ಗಂಟೆಯಲ್ಲಿ. ಸಲೈನ್ ಶುರುವಾಗಿ ಕನಿಷ್ಠ ಒಂದು ಗಂಟೆ ಆಗುವವರೆಗೆ ಇನ್ಸುಲಿನ್ ಮುಟ್ಟುವುದಿಲ್ಲ. ಆ ತಡದಿಂದ ಕೇಡಿಲ್ಲ, ಅವಸರದಿಂದ ಇದೆ. ನೀರು ತುಂಬದೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ದಡಕ್ಕನೆ ಇಳಿದು, ಪೊಟ್ಯಾಸಿಯಂ ಜೀವಕೋಶದೊಳಗೆ ನುಗ್ಗಿ, ಹೃದಯದ ಬಡಿತವೇ ತಪ್ಪಬಹುದು. ದೊಡ್ಡ ಆಸ್ಪತ್ರೆಗೆ ಕಳಿಸುವುದಿದ್ದರೆ ಸಲೈನ್ ಹರಿಯುತ್ತಿರುವಂತೆಯೇ ಆಂಬುಲೆನ್ಸ್ ಹತ್ತಿಸಿ, ದಾರಿಯಲ್ಲಿ ಸಕ್ಕರೆ ನೋಡುವವರು ಜೊತೆಗಿಲ್ಲದಿದ್ದರೆ ಇನ್ಸುಲಿನ್ ಹಚ್ಚದೆ ಕಳಿಸುವುದೇ ಲೇಸು.

ಇಲ್ಲಿ ಬೆಳಗಿನವರೆಗೆ ಕಾಯಲೇಬೇಕಾಯಿತು. ಮುಂದಿನ ಲೆಕ್ಕ ಹೀಗೆ. ದೇಹದಿಂದ ಹೋದ ನೀರು ಶೇ. 7 ಎಂದಿಟ್ಟುಕೊಂಡರೆ ಸುಮಾರು 1960 ಮಿ.ಲೀ.; ಕೊಟ್ಟ 280 ಕಳೆದು 1680. ದಿನದ ಸಹಜ ಅಗತ್ಯ 1660ರಂತೆ ಎರಡು ದಿನಕ್ಕೆ 3320. ಒಟ್ಟು 5000 ಮಿ.ಲೀ.ಯನ್ನು 48 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 105 ಮಿ.ಲೀ. ಮಗುವಿಗೆ ಮೂತ್ರ ಆಗುತ್ತಿರುವುದು ಖಚಿತವಾದ ಮೇಲೆ ಪ್ರತಿ 500 ಮಿ.ಲೀ. ಬಾಟಲಿಗೆ ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿ.ಲೀ. ಆಂಪೂಲ್ ಒಂದು. 15% ಆಂಪೂಲ್‌ನಲ್ಲಿ 20 ಮಿಲಿಮೋಲ್ ಇರುತ್ತದೆ, ಲೀಟರಿಗೆ 40 ಆಯಿತು. ಇದನ್ನು ಎಂದೂ ಸಿರಿಂಜಿನಲ್ಲಿ ನೇರವಾಗಿ ನರಕ್ಕೆ ಕೊಡಬಾರದು, ಬಾಟಲಿಯಲ್ಲಿ ಕಲಸಿಯೇ. ರಕ್ತದ ಪೊಟ್ಯಾಸಿಯಂ ಪರೀಕ್ಷೆ ರಾತ್ರಿ ಸಿಗದಿದ್ದರೆ ಇಸಿಜಿಯಾದರೂ ತೆಗೆದು ನೋಡಬೇಕು.

ಇನ್‌ಫ್ಯೂಷನ್ ಪಂಪ್ ಇಲ್ಲದ ಕಡೆ ಇನ್ಸುಲಿನ್ ಹರಿಸುವುದು ಹೇಗೆ? ಮಕ್ಕಳ ಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಮಿ.ಲೀ. ಹಾಗಾಗಿ ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿ.ಲೀ. ಈ ಒಂದು ಸಮ ನೆನಪಿದ್ದರೆ ಪಂಪ್ ಇಲ್ಲದೆಯೂ ನಡೆಯುತ್ತದೆ. 500 ಮಿ.ಲೀ. ಸಲೈನಿಗೆ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ (ಮಿ.ಲೀ.ಗೆ 40 ಯೂನಿಟ್ ಇರುವ, ಅಂದರೆ 40 ಐಯು ಬಾಟಲಿಯಿಂದ 1.25 ಮಿ.ಲೀ.) ಹಾಕಿದರೆ 10 ಮಿ.ಲೀ.ಗೆ 1 ಯೂನಿಟ್. ಕೆ.ಜಿ.ಗೆ ಗಂಟೆಗೆ 0.1 ಯೂನಿಟ್ ಎಂದರೆ 2.8 ಯೂನಿಟ್, ಅಂದರೆ 28 ಮಿ.ಲೀ., ಅಂದರೆ ನಿಮಿಷಕ್ಕೆ 28 ಹನಿ. ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಗೆ ಅಂಟಿಕೊಳ್ಳುವುದರಿಂದ ಮೊದಲ 50 ಮಿ.ಲೀ.ಯನ್ನು ನಳಿಕೆಯ ಮೂಲಕ ಹರಿಸಿ ಚೆಲ್ಲಬೇಕು. ಚೆಲ್ಲಲು ಮನಸ್ಸು ಬರದೆ ಉಳಿಸಿದರೆ ಮೊದಲ ಗಂಟೆ ಮಗುವಿಗೆ ಹೋಗುವುದು ಬರೀ ಸಲೈನ್. ಈ 28 ಮಿ.ಲೀ. ಗಂಟೆಯ 105ರ ಒಳಗೇ ಸೇರಿದ ಲೆಕ್ಕ, ಮೇಲಿನದಲ್ಲ.

ಗಂಟೆಗೊಮ್ಮೆ ಸಕ್ಕರೆ ನೋಡಬೇಕು. ಗಂಟೆಗೆ 90ಕ್ಕಿಂತ ಹೆಚ್ಚು ಇಳಿಯಬಾರದು. ಬೆಳಗಿನ ಜಾವ 270ಕ್ಕೆ ಬಂದಾಗ ಕರ್ತವ್ಯದಲ್ಲಿದ್ದವರು ಇನ್ಸುಲಿನ್ ನಿಲ್ಲಿಸಲು ಹೊರಟರು. ಅಲ್ಲಿ ಆಗುವ ತಪ್ಪು ಇದೇ. ಸಕ್ಕರೆ ಇಳಿದರೂ ಆಮ್ಲ ಇಳಿದಿರುವುದಿಲ್ಲ. ಆಮ್ಲವನ್ನು ಇಳಿಸುವುದು ಇನ್ಸುಲಿನ್ನೇ. ನಿಲ್ಲಿಸಬೇಕಾದ್ದು ಇನ್ಸುಲಿನ್ ಅಲ್ಲ. ಸಲೈನಿನ ಜೊತೆ 5% ಡೆಕ್ಸ್‌ಟ್ರೋಸ್ ಸೇರಿಸಬೇಕು. ಎರಡು ವಾರದ ಹಿಂದೆ ವಿಷವಾಗಿದ್ದ ಅದೇ ಗ್ಲೂಕೋಸ್ ಈಗ ಬೇಕು, ಇನ್ಸುಲಿನ್ ಜೊತೆಗಿದೆ ಎಂಬ ಒಂದೇ ಕಾರಣಕ್ಕೆ. ಆಮ್ಲ ತಗ್ಗಿಸಲೆಂದು ಸೋಡಾ ಬೈಕಾರ್ಬ್ ಕೊಡುವ ಹಳೆಯ ರೂಢಿ ಬಿಡಬೇಕು.

ಭಯಪಡಬೇಕಾದ್ದು ಮಿದುಳಿನ ಊತಕ್ಕೆ, ಅದೂ ಹೆಚ್ಚಾಗಿ ಮೊದಲ 12 ಗಂಟೆಯಲ್ಲಿ. ಚೇತರಿಸಿಕೊಳ್ಳುತ್ತಿದ್ದ ಮಗು ತಲೆನೋವು ಎನ್ನುತ್ತದೆ, ರೇಗುತ್ತದೆ, ನಾಡಿ ನಿಧಾನವಾಗುತ್ತದೆ. ಆಗ ಸ್ಕ್ಯಾನಿಗೆ ಕಾಯದೆ ಊತ ಇಳಿಸುವ ಮ್ಯಾನಿಟಾಲ್, ಕೆ.ಜಿ.ಗೆ 0.5ರಿಂದ 1 ಗ್ರಾಂ, 10–15 ನಿಮಿಷದಲ್ಲಿ. 20% ಮ್ಯಾನಿಟಾಲ್ ಆದರೆ ಈ ಹುಡುಗಿಗೆ 70ರಿಂದ 140 ಮಿ.ಲೀ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ, ಬಾಟಲಿ ಮಾತ್ರ ಹಾಸಿಗೆಯ ಪಕ್ಕದಲ್ಲೇ ಇತ್ತು.

ಮನೆಗೆ ಹೋದ ಮೇಲೆ

ಎಂಟನೆಯ ದಿನ ಬಿಡುಗಡೆ. ದಿನಕ್ಕೆ ಕೆ.ಜಿ.ಗೆ ಸುಮಾರು 0.8 ಯೂನಿಟ್‌ನಂತೆ 22 ಯೂನಿಟ್: ಬೆಳಿಗ್ಗೆ ಎನ್‌ಪಿಎಚ್ (ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) 9, ರೆಗ್ಯುಲರ್ (ಬೇಗ ಕೆಲಸ ಮಾಡುವುದು) 5, ಸಂಜೆ ಎನ್‌ಪಿಎಚ್ 5, ರೆಗ್ಯುಲರ್ 3. ಮನೆಯವರ ಬಾಯಲ್ಲಿ ಎನ್‌ಪಿಎಚ್ ‘ಮಸುಕಿನದು’, ರೆಗ್ಯುಲರ್ ‘ತಿಳಿಯಾದದ್ದು’ ಆದವು. ಇಂಗ್ಲಿಷ್ ಹೆಸರಿಗಿಂತ ಇದೇ ಒಳ್ಳೆಯದು, ಕಣ್ಣಿಗೆ ಕಾಣುವ ಹೆಸರು. ದಿನಕ್ಕೆ ನಾಲ್ಕು ಚುಚ್ಚುಮದ್ದಿನ ಕ್ರಮ ಇದಕ್ಕಿಂತ ಉತ್ತಮ, 2022ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆದರೆ ಸರ್ಕಾರಿ ದಾಸ್ತಾನಿನಲ್ಲಿ ತಪ್ಪದೆ ಸಿಗುವ ಎರಡು ಬಗೆ ಇವೇ ಆಗಿದ್ದವು. ಸಿಗುವುದರಲ್ಲಿ ನಡೆಸುವುದು, ಸಿಗದ್ದಕ್ಕೆ ಬರೆದುಕೊಡುವುದಕ್ಕಿಂತ ಮೇಲು.

“ಶುಗರ್ ವಯಸ್ಸಾದೋರಿಗೆ ಬರೋದಲ್ರಿ ಸರ್ರ?” ಎಂದು ತಂದೆ ಕೇಳಿದ್ದರು. ಮಾತ್ರೆ ಇಲ್ಲವೇ ಎಂದೂ. ಇದರಲ್ಲಿ ಇನ್ಸುಲಿನ್ ಮಾಡುವ ಕೋಶಗಳೇ ನಾಶವಾಗಿವೆ, ಮಾತ್ರೆಗೆ ಕೆಲಸ ಮಾಡಲು ಒಳಗೆ ಏನೂ ಉಳಿದಿಲ್ಲ, ಸಿಹಿ ತಿಂದದ್ದರಿಂದ ಬಂದದ್ದಲ್ಲ ಎಂದು ಹೇಳಿಕೊಟ್ಟರು. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲ ರೋಗಿಯೂ 14ರ ಹುಡುಗನೇ ಎಂದಾಗ ತಂದೆ ಸ್ವಲ್ಪ ಸಮಾಧಾನಗೊಂಡರು.

ಹತ್ತು ದಿನದ ನಂತರ ಬಂದಾಗ ಸಕ್ಕರೆ 380. ಪ್ರಮಾಣ ಹೆಚ್ಚಿಸಿದರು. ಮತ್ತೆ ವಾರಕ್ಕೆ 350. ಮತ್ತೆ ಹೆಚ್ಚಿಸಿ 32 ಯೂನಿಟ್ ಮಾಡಿದರು. ಹುಡುಗಿ ಕದ್ದು ತಿನ್ನುತ್ತಿದ್ದಾಳೆಂದು ಎಲ್ಲರೂ ಅವಳನ್ನೇ ಗದರಿದರು.

ತಪ್ಪು ಸಿರಿಂಜಿನಲ್ಲಿತ್ತು. ಭಾರತದಲ್ಲಿ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಮಿ.ಲೀ.ಗೆ 40 ಐಯು. ಪೆನ್ನಿನ ಕಾರ್ಟ್ರಿಜ್‌ಗಳು 100 ಐಯು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಆಸ್ಪತ್ರೆಯಲ್ಲಿ ಕೊಟ್ಟ ಹತ್ತು ಕೆಂಪು ಸಿರಿಂಜ್ ಮುಗಿದ ಮೇಲೆ ತಂದೆ ಔಷಧ ಅಂಗಡಿಯಲ್ಲಿ ‘ಇನ್ಸುಲಿನ್ ಸೂಜಿ’ ಕೇಳಿದರು, ಅಂಗಡಿಯವರು ಇನ್ಸುಲಿನ್ ಸೂಜಿಯನ್ನೇ ಕೊಟ್ಟರು, ಕಿತ್ತಳೆಯದು. 40 ಐಯು ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಬರುವುದು 0.1 ಮಿ.ಲೀ., ಅಂದರೆ 4 ಯೂನಿಟ್. 22 ಎಂದುಕೊಂಡದ್ದು 8.8, 32 ಎಂದುಕೊಂಡದ್ದು 12.8. ಮಗು ಬದುಕಿದ್ದೇ ದೊಡ್ಡದು.

ಕೇಡು ಅಲ್ಲಿಗೇ ಮುಗಿಯಲಿಲ್ಲ. ಜೂನ್ ಮೊದಲ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಂಪು ಸಿರಿಂಜ್ ಬಂತು, ಮನೆಗೂ ಹೋಯಿತು, ಚೀಟಿಯಲ್ಲಿದ್ದ ಅಂಕಿ ಮಾತ್ರ ಬದಲಾಗಲಿಲ್ಲ. ಮೊದಲ ಬಾರಿಗೆ ನಿಜವಾದ 32 ಯೂನಿಟ್ ಮೈಗೆ ಹೋಯಿತು. ರಾತ್ರಿ ಎರಡಕ್ಕೆ ಬೆವರಿ ತೊಯ್ದು, ಏನೇನೋ ಬಡಬಡಿಸಿ, ಕೈಕಾಲು ಸೆಟೆದಳು. ಮೀಟರ್ 38 ತೋರಿಸಿತು.

ಸಕ್ಕರೆ ಏರಿಸುವ ಗ್ಲುಕಗಾನ್ ಚುಚ್ಚುಮದ್ದು ಇಲ್ಲಿ ಸಿಗುವ ವಸ್ತುವಲ್ಲ. ತಾಯಿ ಅವಳನ್ನು ಪಕ್ಕಕ್ಕೆ ಹೊರಳಿಸಿ, ಸಕ್ಕರೆಯನ್ನು ತೊಟ್ಟು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕೆನ್ನೆಯ ಒಳಭಾಗಕ್ಕೆ ಸವರಿದಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದು ಇದೊಂದು ಸರಿಯಾಗಿ ನೆನಪಿತ್ತು. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು, ಹಾಲು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆರೋಗ್ಯ ಕೇಂದ್ರದಲ್ಲಿ 10% ಡೆಕ್ಸ್‌ಟ್ರೋಸ್, ಕೆ.ಜಿ.ಗೆ 2–3 ಮಿ.ಲೀ. ನರಕ್ಕೆ ಕೊಟ್ಟರು. 25%ದ್ದು ಮಾತ್ರ ಇದ್ದರೆ 40 ಮಿ.ಲೀ.ಗೆ 60 ಮಿ.ಲೀ. ಶುದ್ಧೀಕರಿಸಿದ ಚುಚ್ಚುಮದ್ದಿನ ನೀರು ಸೇರಿಸಿ 10% ಮಾಡಿಕೊಳ್ಳಬಹುದು.

ಪ್ರಮಾಣ ಮತ್ತೆ 22ಕ್ಕೆ ಬಂತು. ಆಮೇಲೆ ಮಾಡಿದ ಬದಲಾವಣೆ ಚಿಕ್ಕದು. ಔಷಧ ಕೊಡುವ ಕಿಟಕಿಯಲ್ಲಿ ಬಾಟಲಿ ಮತ್ತು ಸಿರಿಂಜ್ ಒಂದೇ ಚೀಲದಲ್ಲಿ, ಬೇರೆಬೇರೆಯಾಗಿ ಇಲ್ಲವೇ ಇಲ್ಲ. ಚೀಟಿಯಲ್ಲಿ ‘22 ಯೂನಿಟ್’ ಎಂದು ಬರೆಯುವ ಬದಲು ‘40 ಐಯು ಬಾಟಲಿ, ಕೆಂಪು ಮುಚ್ಚಳ’ ಎಂದು ಮೊದಲು, ಅಂಕಿ ಆಮೇಲೆ. ಸಕ್ಕರೆ ಹೆಚ್ಚಿದ್ದರೆ ಪ್ರಮಾಣ ಏರಿಸುವ ಮೊದಲು ಮನೆಯಿಂದ ತಂದ ಸಿರಿಂಜ್ ನೋಡುವುದು, ಹುಡುಗಿಯ ಕೈಯಲ್ಲೇ ಎಳೆಸಿ ನೋಡುವುದು, ಚುಚ್ಚುವ ಜಾಗ ಮುಟ್ಟಿ ನೋಡುವುದು. ಒಂದೇ ಕಡೆ ಚುಚ್ಚಿದರೆ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲ ಎಂದು ಮಕ್ಕಳು ಅಲ್ಲೇ ಚುಚ್ಚಿಕೊಳ್ಳುತ್ತಾರೆ, ಇನ್ಸುಲಿನ್ ಅಲ್ಲಿಂದ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಎರಡನ್ನೂ ಒಂದೇ ಸಿರಿಂಜಿಗೆ ಎಳೆಯುವ ಕ್ರಮ: ಮಸುಕಿನ ಬಾಟಲಿಯನ್ನು ಅಂಗೈ ನಡುವೆ ಇಪ್ಪತ್ತು ಸಲ ಹೊರಳಿಸು, ಕುಲುಕಬೇಡ. ಅದಕ್ಕೆ 9 ಗೆರೆ ಗಾಳಿ ತುಂಬಿ ಸೂಜಿ ತೆಗೆ. ತಿಳಿಯಾದದ್ದಕ್ಕೆ 5 ಗೆರೆ ಗಾಳಿ ತುಂಬಿ, ಹಾಗೇ ಬಾಟಲಿ ತಲೆಕೆಳಗು ಮಾಡಿ 5 ಎಳೆ. ಆಮೇಲೆ ಮಸುಕಿನದು 14ರ ಗೆರೆಯವರೆಗೆ. ತಿರುವುಮುರುವಾದರೆ ಮಸುಕಿನದು ತಿಳಿಯ ಬಾಟಲಿಗೆ ಸೇರಿ ಅದನ್ನೂ ಕೆಡಿಸುತ್ತದೆ. ಚುಚ್ಚಿದ ಅರ್ಧ ಗಂಟೆಗೆ ಊಟ.

ಇಂಡೆಂಟಿನ ಲೆಕ್ಕ

ಪ್ರತಿ ತಿಂಗಳ ಕೊನೆಯ ಎರಡು ಮೂರು ದಿನ ಸಕ್ಕರೆ ಏರುತ್ತಿದ್ದುದಕ್ಕೆ ಬೇರೆಯೇ ಕಾರಣ. ಕೇಂದ್ರದಿಂದ ತಿಂಗಳಿಗೆ ತಲಾ ಒಂದು ಬಾಟಲಿ ಕೊಡುತ್ತಿದ್ದರು. 10 ಮಿ.ಲೀ. ಬಾಟಲಿಯಲ್ಲಿ 400 ಯೂನಿಟ್. ರೆಗ್ಯುಲರ್ ದಿನಕ್ಕೆ 8ರಂತೆ ತಿಂಗಳಿಗೆ 240, ಸಾಕು. ಎನ್‌ಪಿಎಚ್ ದಿನಕ್ಕೆ 14ರಂತೆ 30 ದಿನಕ್ಕೆ 420. ಗುಳ್ಳೆ ತೆಗೆಯಲು ಹೋಗುವುದನ್ನು ಬಿಟ್ಟರೂ 28 ದಿನಕ್ಕಿಂತ ಹೆಚ್ಚು ಬರುವುದಿಲ್ಲ. ಮನೆಯವರು ಕೊನೆಯ ದಿನಗಳಲ್ಲಿ ಉಳಿಸಿ ಉಳಿಸಿ ಚುಚ್ಚುತ್ತಿದ್ದರು, ಹೇಳುತ್ತಿರಲಿಲ್ಲ. ಎನ್‌ಪಿಎಚ್ ಎರಡು, ರೆಗ್ಯುಲರ್ ಒಂದು ಎಂದು ಇಂಡೆಂಟ್ (ಔಷಧ ತರಿಸುವ ಬೇಡಿಕೆ ಪಟ್ಟಿ) ತಿದ್ದಿದ ಮೇಲೆ ಅದು ನಿಂತಿತು. ‘ಒಬ್ಬರಿಗೆ ಒಂದು’ ಎಂಬ ಹಂಚಿಕೆ ಬಿ.ಪಿ. ಮಾತ್ರೆಗೆ ಹೊಂದುತ್ತದೆ, ತೂಕದ ಮೇಲೆ ಕೊಡುವ ಔಷಧಕ್ಕೆ ಹೊಂದುವುದಿಲ್ಲ.

ಮನೆಯವರಿಗೆ ಭಾರವಾದದ್ದು ಇನ್ಸುಲಿನ್ ಅಲ್ಲ, ಸ್ಟ್ರಿಪ್. ದಿನಕ್ಕೆ ನಾಲ್ಕು ಸಲ ನೋಡಬೇಕೆಂದರೆ ತಿಂಗಳಿಗೆ 120. ದಿನಕ್ಕೆ ಎರಡಕ್ಕೆ ಇಳಿಸಿ ಹೊತ್ತು ಬದಲಿಸಿದರು: ಒಂದು ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟಕ್ಕೆ ಮುಂಚೆ, ಮರುದಿನ ಸಂಜೆ ಮತ್ತು ಮಲಗುವಾಗ. 50ರ ಡಬ್ಬಿ 25 ದಿನ ಬರುತ್ತದೆ, ವಾರದಲ್ಲಿ ನಾಲ್ಕೂ ಹೊತ್ತಿನ ಚಿತ್ರ ಸಿಗುತ್ತದೆ. ಬಹುತೇಕ ಮೀಟರ್‌ಗಳು 40–45 ಡಿಗ್ರಿ ದಾಟಿದರೆ ತಪ್ಪು ತೋರಿಸುತ್ತವೆ ಅಥವಾ ನಡೆಯುವುದೇ ಇಲ್ಲ. ಮೇ ಮಧ್ಯಾಹ್ನ ತಗಡಿನ ಮನೆಯಲ್ಲಿ ಚುಚ್ಚಿಕೊಂಡರೆ ಸ್ಟ್ರಿಪ್ ದಂಡ.

ಮಡಕೆ

ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಮನೆಯಲ್ಲಿ ಫ್ರಿಜ್ ಇಲ್ಲ. ಹತ್ತಿರದ ಕಿರಾಣಿ ಅಂಗಡಿಯ ತಂಪುಪಾನೀಯದ ಫ್ರಿಜ್ಜಿನಲ್ಲಿ ಇಟ್ಟರು. ಹಿಂಬದಿಯ ಗೋಡೆಗೆ ಒತ್ತಿದ ಬಾಟಲಿ ಹೆಪ್ಪುಗಟ್ಟಿತು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕಣ್ಣಿಗೆ ಸರಿ ಕಂಡರೂ ಕೆಲಸ ಮಾಡುವುದಿಲ್ಲ. ಬಿಸಿಲಿಗೆ ಹೆದರಿ ಮಂಜುಗಡ್ಡೆಗೆ ಕೊಟ್ಟಂತೆ ಆಯಿತು. ಆಮೇಲೆ ಮುಂಗಡ ಬಾಟಲಿಗಳನ್ನು ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲೇ ಇಟ್ಟು, ಬಳಸುವ ಬಾಟಲಿ ಮಾತ್ರ ಮನೆಗೆ.

ಬಳಸುವ ಬಾಟಲಿಗೆ ಮಡಕೆ. ದೊಡ್ಡ ಮಣ್ಣಿನ ಮಡಕೆಯ ತಳದಲ್ಲಿ ನಾಲ್ಕು ಬೆರಳು ಮರಳು, ಮೇಲೆ ಚಿಕ್ಕ ಮಡಕೆ, ಎರಡರ ನಡುವಿನ ಸಂದಿಯಲ್ಲೂ ಮರಳು. ಮರಳಿಗೆ ಬೆಳಿಗ್ಗೆ ಸಂಜೆ ನೀರು. ಬಾಟಲಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಮಡಕೆಗೆ, ಮೇಲೆ ಒದ್ದೆ ಬಟ್ಟೆ. ಜಾಗ ನೆರಳಿನದು, ಗಾಳಿ ಆಡುವಂಥದ್ದು. ಅಟ್ಟದ ಮೇಲೆ, ಕೋಣೆಯ ಮೂಲೆಯಲ್ಲಿ ಇಟ್ಟರೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಇದು ಚೆನ್ನಾಗಿ ತಣಿಯುತ್ತದೆ. ಆಷಾಢದ ಮೋಡದ ದಿನಗಳಲ್ಲಿ ಅಷ್ಟು ತಣಿಯುವುದಿಲ್ಲ, ಅಷ್ಟು ಬೇಕಾಗುವುದೂ ಇಲ್ಲ. ಜಿನೀವಾ ವಿಶ್ವವಿದ್ಯಾಲಯ ಮತ್ತು ಎಂಎಸ್‌ಎಫ್ (ಗಡಿರಹಿತ ವೈದ್ಯರು ಎಂಬ ಸಂಸ್ಥೆ) 2021ರಲ್ಲಿ ಪ್ರಕಟಿಸಿದ ಅಧ್ಯಯನ 25ರಿಂದ 37 ಡಿಗ್ರಿ ನಡುವೆ ಏರಿಳಿಯುವ ತಾಪದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಕೆಡುವುದಿಲ್ಲವೆಂದು ತೋರಿಸಿದೆ. ನಮ್ಮ ಮೇ ತಿಂಗಳು 37ರಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಮಡಕೆ. ಬಾಟಲಿ ತೆರೆದ ದಿನಾಂಕವನ್ನು ಪಟ್ಟಿಯ ಮೇಲೆ ಬರೆದು, 28 ದಿನಕ್ಕೆ ಎಸೆಯುವುದು. ಬಾಟಲಿಯ ಒಳಗೋಡೆಗೆ ಹಿಟ್ಟು ಮೆತ್ತಿದಂತೆ ಕಂಡರೆ ಅದಕ್ಕೂ ಮೊದಲೇ.

ವಸತಿ ನಿಲಯ

ಜೂನ್ ಕೊನೆಗೆ ಎಂಟನೆಯ ತರಗತಿಗೆ ತಾಲ್ಲೂಕು ಕೇಂದ್ರದ ಬಾಲಕಿಯರ ವಸತಿ ನಿಲಯ ಸೇರಬೇಕಿತ್ತು. ಮೊದಲು ಬೇಡವೆಂದರು, ಯಾರಾದರೂ ಹೊಣೆ ಹೊರಬೇಕಲ್ಲ. ಒಂದು ಪುಟದ ಕನ್ನಡ ಚೀಟಿ, ವಾರ್ಡನ್ ಮತ್ತು ಇಬ್ಬರು ಅಡುಗೆಯವರಿಗೆ ಒಂದು ಮಧ್ಯಾಹ್ನದ ತರಬೇತಿ ಕೊಟ್ಟ ಮೇಲೆ ಒಪ್ಪಿದರು. ಚೀಟಿಯಲ್ಲಿ ಇದ್ದದ್ದು: ನಡುಕ, ಬೆವರು, ಸಿಟ್ಟು, ಮಂಕು ಕಂಡರೆ ಮೊದಲು ಎರಡು ಚಮಚ ಸಕ್ಕರೆ (ಸುಮಾರು 9 ಗ್ರಾಂ), ಆಮೇಲೆ ಪರೀಕ್ಷೆ. 15 ನಿಮಿಷಕ್ಕೆ ಮತ್ತೆ ನೋಡಿ, 70ರ ಕೆಳಗೇ ಇದ್ದರೆ ಮತ್ತೆ ಎರಡು ಚಮಚ. ಸರಿಯಾದ ಮೇಲೆ ಊಟಕ್ಕೆ ತಡವಿದ್ದರೆ ಅರ್ಧ ರೊಟ್ಟಿ. ಒಬ್ಬಳನ್ನೇ ಮಲಗಲು ಕಳಿಸಬಾರದು. ಜ್ವರ, ವಾಂತಿ ಬಂದರೆ, ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡಬಾರದು. ಮೂತ್ರದಲ್ಲಿ ಕೀಟೋನ್ ನೋಡಿ ಆಸ್ಪತ್ರೆಗೆ. ಸೂಜಿಗಳು ದಪ್ಪ ಪ್ಲಾಸ್ಟಿಕ್ ಬಾಟಲಿಗೆ, ಕಸದ ಬುಟ್ಟಿಗಲ್ಲ.

ಆದರೂ ವಾರಕ್ಕೆರಡು ಬಾರಿ ರಾತ್ರಿ ಒಂದೆರಡು ಗಂಟೆಗೆ ಸಕ್ಕರೆ 60ಕ್ಕೆ ಇಳಿಯುತ್ತಿತ್ತು. ಸಂಜೆ ಏಳಕ್ಕೆ ಚುಚ್ಚಿದ ಎನ್‌ಪಿಎಚ್‌ನ ಬಲ ನಾಲ್ಕರಿಂದ ಹತ್ತು ಗಂಟೆಯ ನಡುವೆ ತುತ್ತತುದಿಗೆ ಬರುತ್ತದೆ, ಮಗು ಬರಿಹೊಟ್ಟೆಯಲ್ಲಿ ಮಲಗಿರುವ ಹೊತ್ತಿಗೇ. ಸಂಜೆಯದನ್ನು ಒಡೆದು, ರೆಗ್ಯುಲರ್ ಊಟಕ್ಕೆ ಮುಂಚೆ, ಎನ್‌ಪಿಎಚ್ ಮಲಗುವಾಗ ಹತ್ತಕ್ಕೆ ಎಂದು ಮಾಡಿದರು. ದಿನಕ್ಕೆ ಮೂರು ಚುಚ್ಚುಮದ್ದಾಯಿತು, ರಾತ್ರಿಯ ಇಳಿತ ನಿಂತಿತು.

ಊಟದಲ್ಲಿ ‘ಅನ್ನ ಬಿಡು, ರೊಟ್ಟಿ ತಿನ್ನು’ ಎಂಬ ಸಲಹೆ ಕೊಡುವವರಿಗೆ ಕೊರತೆಯಿಲ್ಲ. 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲೂ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇದೆ; 150 ಗ್ರಾಂ ಅನ್ನದಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿಧಾನವಾಗಿ ಜೀರ್ಣವಾಗುವುದು ರೊಟ್ಟಿಯ ಗುಣ, ಲೆಕ್ಕ ತಪ್ಪಿಸುವುದಲ್ಲ. ಬೆಳೆಯುವ ಮಗುವಿಗೆ ಊಟ ಕಡಿತಗೊಳಿಸಬಾರದು, ಹೊತ್ತು ಮತ್ತು ಅಳತೆ ಒಂದೇ ಇರಬೇಕು: ಎರಡು ರೊಟ್ಟಿ ಎಂದರೆ ದಿನವೂ ಎರಡು, ಪುಂಡಿ ಪಲ್ಯ, ಬೇಳೆ, ಶೇಂಗಾ ಚಟ್ನಿ ಬೇಕಾದಷ್ಟು. ಶಾಲೆಯ ಕ್ಷೀರಭಾಗ್ಯದ ಹಾಲು ಸಕ್ಕರೆ ಇಲ್ಲದೆ. ಮಂಡಾಳ (ಮಂಡಕ್ಕಿ) ಒಗ್ಗರಣೆ ಹಗುರವೆಂದು ಬಟ್ಟಲು ಬಟ್ಟಲು ತಿಂದರೆ ಸಕ್ಕರೆ ಸರ್ರನೆ ಏರುತ್ತದೆ. ಪಂಚಮಿಗೆ ಉಂಡಿ ತಿನ್ನಲೇಬಾರದೆಂದರೆ ಕದ್ದು ತಿನ್ನುತ್ತಾಳೆ. ಊಟದ ಜೊತೆಗೆ ಒಂದು, ಒಂದು ರೊಟ್ಟಿ ಕಡಿಮೆ, ಎಂದು ಮಾತಾಯಿತು.

ಅದೇ ಶ್ರಾವಣದಲ್ಲಿ ಇನ್ನೊಂದು ತಿರುವು. ಪ್ರಮಾಣ ತಾನಾಗಿಯೇ ಇಳಿಯತೊಡಗಿ ದಿನಕ್ಕೆ 10 ಯೂನಿಟ್‌ಗೆ ಬಂತು. ಹೊಸದಾಗಿ ಚಿಕಿತ್ಸೆ ಶುರುವಾದ ಮಕ್ಕಳಲ್ಲಿ ಉಳಿದ ಕೆಲವು ಕೋಶಗಳು ಸುಧಾರಿಸಿಕೊಂಡು ಕೆಲ ತಿಂಗಳು ಇನ್ಸುಲಿನ್ ಮಾಡುತ್ತವೆ. ಅಷ್ಟರಲ್ಲಿ ಯಾರೋ ಕೊಟ್ಟ ಬೇರಿನ ಪುಡಿಯನ್ನೂ ತಿನ್ನಿಸಿದ್ದರು. ಕೀರ್ತಿ ಪುಡಿಗೆ ಹೋಯಿತು. ಈ ಹಂತದಲ್ಲಿ ಪೂರ್ತಿ ನಿಲ್ಲಿಸಿದ ಮಕ್ಕಳು ಮತ್ತೆ ಕೀಟೋಅಸಿಡೋಸಿಸ್‌ನಲ್ಲೇ ಬರುತ್ತಾರೆ. ಬಿಡುಗಡೆಯ ದಿನವೇ “ಮೂರು ತಿಂಗಳಿಗೆ ಕಡಿಮೆ ಆದಂಗ ಕಾಣ್ತದ, ಅದು ವಾಸಿ ಆಗಿದ್ದಲ್ಲ, ನಿಲ್ಲಿಸಬ್ಯಾಡ್ರಿ” ಎಂದು ಹೇಳಿ ಚೀಟಿಯಲ್ಲೂ ಬರೆದಿದ್ದರಿಂದ ತಾಯಿ ಪುಡಿ ಕೊಟ್ಟರೂ ಸೂಜಿ ಬಿಡಲಿಲ್ಲ. ಮೊದಲೇ ಹೇಳಿದರೆ ಅದು ಮುನ್ಸೂಚನೆ. ಆದ ಮೇಲೆ ಹೇಳಿದರೆ ವೈದ್ಯರು ನೆಪ ಹೇಳುತ್ತಿದ್ದಾರೆಂದೇ ತಿಳಿಯುತ್ತಾರೆ.

ದಸರಾ ರಜೆಗೆ ಮನೆಗೆ ಬಂದವಳನ್ನು ಹತ್ತಿ ಬಿಡಿಸಲು ಕರೆದೊಯ್ದರು. ದಿನವಿಡೀ ಬಗ್ಗಿ ಏಳುವ ಕೆಲಸಕ್ಕೆ ಸಕ್ಕರೆ ಇಳಿಯುತ್ತದೆ, ಅದೂ ಆ ರಾತ್ರಿಯವರೆಗೆ. ಕೆಲಸ ಬಿಡಿಸುವ ಮಾತು ಬೇರೆ, ಅದನ್ನು ಆಡಿದ್ದೂ ಆಯಿತು. ಅಲ್ಲಿಯವರೆಗೆ ಸೆರಗಿನ ಗಂಟಿನಲ್ಲಿ ಬೆಲ್ಲ, ಹತ್ತು ಗಂಟೆಗೆ ಒಂದು ಶೇಂಗಾ ಚಿಕ್ಕಿ, ಮಲಗುವಾಗಿನ ಎನ್‌ಪಿಎಚ್‌ನಲ್ಲಿ ಒಂದು ಯೂನಿಟ್ ಕಡಿಮೆ.

ಮುಂದಿನ ಪಟ್ಟಿ

ಮುಟ್ಟು ಶುರುವಾಗುವ ವಯಸ್ಸಿಗೆ ಪ್ರಮಾಣ ಕೆ.ಜಿ.ಗೆ 1 ಯೂನಿಟ್ ದಾಟುತ್ತದೆ. ಅದನ್ನು ಕಾಯಿಲೆ ಕೆಟ್ಟಿತೆಂದು ಓದಬಾರದು. ಮುಟ್ಟಿನ ಹಿಂದಿನ ದಿನಗಳಲ್ಲಿ ಸಕ್ಕರೆ ಏರುವುದನ್ನು ಅವಳೇ ನೋಟ್‌ಬುಕ್ಕಿನಲ್ಲಿ ಗುರುತಿಸುತ್ತಾಳೆ. ಮದುವೆ ಮಾತಿಗೆ ತೊಡಕೆಂದು ಮನೆಯವರು ಕಾಯಿಲೆ ಮುಚ್ಚಿಡುವುದು ಶುರುವಾಗಿದೆ. ನೆಂಟರ ಮನೆಗೆ ಹೋದಾಗ ಮಧ್ಯಾಹ್ನದವರೆಗೆ ಚುಚ್ಚಿಕೊಳ್ಳದೆ ಇದ್ದದ್ದು ಎರಡು ಸಲ. ಇದನ್ನು ತಂದೆತಾಯಿ ಪಕ್ಕದಲ್ಲಿದ್ದಾಗ ಅವಳು ಹೇಳಲಿಲ್ಲ. ಹದಿಹರೆಯದವರ ಸ್ನೇಹ ಕ್ಲಿನಿಕ್‌ನಲ್ಲಿ ಒಬ್ಬಳೇ ಕೂತಾಗ ಹೇಳಿದಳು.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಎತ್ತರ, ತೂಕ. ಥೈರಾಯ್ಡ್ ಒಮ್ಮೆ ನೋಡಿದೆ, ಎರಡು ವರ್ಷಕ್ಕೆ ಮತ್ತೆ. ಕಾಯಿಲೆ ಬಂದು ಎರಡು ವರ್ಷ ದಾಟಿದ ಮೇಲೆ ಕಣ್ಣಿನ ಹಿಂಪದರ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದ ಆಲ್ಬುಮಿನ್. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳೆಗೆ ಮೀಟರ್ ಮತ್ತು ಸಕ್ಕರೆ ಒಳಗೆ ಒಯ್ಯಲು ವೈದ್ಯರ ಪತ್ರ, ಪರೀಕ್ಷೆಗೆ ತಿಂಗಳು ಮುಂಚೆ ಮುಖ್ಯೋಪಾಧ್ಯಾಯರ ಕೈಗೆ. ಫೆಬ್ರವರಿಯಲ್ಲಿ ಹೊಸ ಮಡಕೆ: ಇಲ್ಲಿಯ ಕೊಳವೆಬಾವಿಯ ಗಡಸು ನೀರಿನ ಉಪ್ಪು ವರ್ಷದಲ್ಲಿ ಮಣ್ಣಿನ ರಂಧ್ರ ಮುಚ್ಚಿಬಿಡುತ್ತದೆ, ಹೊರಮೈ ಬಿಳಿಚಿ ಒಣಗಿದ ಮಡಕೆ ತಣಿಯುವುದಿಲ್ಲ.